ಬಾಗಿಲಿಗೆ ಮುಂಚೆ ಒಂದು ಸಿಳ್ಳೆ

ಹಕ್ಕಿಮನೆಯ ಬಾಗಿಲು ತೆರೆಯುವ ಮುಂಚೆ ಸಿಳ್ಳೆ ಹಾಕಬೇಕು. ಒಂದೇ ಸಿಳ್ಳೆ, ಪ್ರತಿಸಲವೂ ಅದೇ. ಜೋರಾಗಿ ಬೇಡ. ಒಳಗಿನ ರೆಕ್ಕೆಗಳ ಸದ್ದು ಅಡಗುವವರೆಗೆ ನಿಂತು, ಆಮೇಲೆ ಮೊದಲ ಬಾಗಿಲು ತೆರೆಯಬೇಕು. ಅದನ್ನು ಮುಚ್ಚಿದ ಮೇಲೆ ಎರಡನೆಯದು. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು. ಹಕ್ಕಿ ನಮ್ಮನ್ನು ಕಂಡು ಗಾಬರಿಯಾಗುವುದಕ್ಕಿಂತ, ನಾವು ಬರುತ್ತಿದ್ದೇವೆಂದು ಮೊದಲೇ ತಿಳಿದು ದೂರ ಸರಿಯುವುದು ಒಳ್ಳೆಯದು. ಗಾಬರಿಯಾದ ಫಿಂಚ್‌ನಂಥ ಪುಟ್ಟ ಹಕ್ಕಿ ನೇರವಾಗಿ ಮೇಲಕ್ಕೆ ಹಾರುತ್ತದೆ. ಮೇಲೆ ಇರುವುದು ಜಾಲರಿ.

ನಾನು ಕೆಲಸ ಕಲಿತದ್ದು ಬೆಂಗಳೂರಿನ ಒಂದು ಲಸಿಕೆ ಸಂಸ್ಥೆಯ ಪ್ರಾಣಿಶಾಲೆಯಲ್ಲಿ. ಅಲ್ಲಿ ಸ್ವಚ್ಛ ಕೋಣೆಯಿಂದ ಕೊಳಕು ಕೋಣೆಗೆ ಹೋಗಬಹುದಿತ್ತು, ಹಿಂದಿರುಗಿ ಬರುವಂತಿರಲಿಲ್ಲ. ಬಟ್ಟೆ ಬದಲಿಸದೆ, ಕಾಲನ್ನು ಔಷಧಿನೀರಿನಲ್ಲಿ ಅದ್ದದೆ ಒಳಗೆ ಕಾಲಿಟ್ಟವರನ್ನು ಅಂದೇ ಮನೆಗೆ ಕಳಿಸುತ್ತಿದ್ದರು. ಮದುವೆಯಾಗಿ ಮಲೇಷ್ಯಾಕ್ಕೆ ಬಂದಾಗ ಆ ಶಿಸ್ತು ನನ್ನ ಜೊತೆ ಬಂತು. ಗಂಡ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ನಾನು ಪೆಟಾಲಿಂಗ್ ಜಯಾದ ಆಚೆ, ಕಾಡಿನ ಅಂಚಿನ ಗುಡ್ಡದ ಮೇಲಿದ್ದ ಖಾಸಗಿ ಪಕ್ಷಿಧಾಮ ಸೇರಿದೆ. ಗಿಳಿ, ಮಂಗಟ್ಟೆಗಳನ್ನು ನೋಡಲು ಜನ ಬರುತ್ತಿದ್ದರು. ಅವುಗಳ ಹಿಂದೆ, ಜನ ಬಾರದ ಕಡೆ, ಮರಿ ಮಾಡಿಸುವ ವಿಭಾಗವಿತ್ತು. ಅದು ನನ್ನದು.

ಅಲ್ಲಿನ ಮುಖ್ಯ ನಿವಾಸಿಗಳು ಬಿದಿರು ಫಿಂಚ್‌ಗಳು. ನಮ್ಮೂರಿನ ರಾಟವಾಳಕ್ಕೆ ದೂರದ ನೆಂಟರು ಎನ್ನಬಹುದು. ಗುಬ್ಬಿಗಿಂತ ಚಿಕ್ಕವು. ಹಸಿರು ಬೆನ್ನು, ಮೊನಚು ಕೆಂಪು ಬಾಲ. ಗಂಡಿಗೆ ನೀಲಿ ಮುಖ. ಇಲ್ಲಿನ ಕಾಡಿನವೇ. ಬಿದಿರು ಹೂಬಿಟ್ಟು ಅಕ್ಕಿ ಕಟ್ಟಿದ ಕಡೆ ಹಿಂಡಾಗಿ ಬರುತ್ತವೆ, ಅದು ಮುಗಿದೊಡನೆ ಮಾಯವಾಗುತ್ತವೆ. ಕಳ್ಳಸಾಗಣೆಯವರಿಂದ ವಶಪಡಿಸಿಕೊಂಡ ಹಕ್ಕಿಗಳಿಂದ ನಮ್ಮ ಸಂಸಾರ ಶುರುವಾಗಿತ್ತು. ಅವುಗಳ ಮೊಮ್ಮಕ್ಕಳ ಕಾಲಕ್ಕೆ ಒಂದು ಹಿಂಡನ್ನು ಗುಡ್ಡದ ಬಿದಿರಿಗೆ ಮರಳಿ ಬಿಡಬೇಕೆಂಬುದು ನನ್ನ ಲೆಕ್ಕಾಚಾರ. ನಿವೃತ್ತಿಯ ಒಳಗೆ ಅದನ್ನು ಮಾಡಿ ಮುಗಿಸಬೇಕೆಂದಿದ್ದೆ. ಆದ್ದರಿಂದ ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದೆ: ಹಕ್ಕಿ ಕೈಮೇಲೆ ಕೂತರೆ ಖುಷಿಪಡಬೇಡಿ. ಕೈಮೇಲೆ ಕೂರುವ ಹಕ್ಕಿ ಕಾಡಿನಲ್ಲಿ ಒಂದು ವಾರ ಬಾಳುವುದಿಲ್ಲ.

ನನ್ನ ಜೊತೆಗಿದ್ದವನು ಸೆಲ್ವಂ. ಇಲ್ಲೇ ಹುಟ್ಟಿದ ತಮಿಳ, ಪಕ್ಷಿಧಾಮದ ಕ್ವಾರ್ಟರ್ಸಿನಲ್ಲಿ ವಾಸ. ನಮ್ಮಿಬ್ಬರ ಮಾತು ತಮಿಳು, ಮಲಯ್, ಇಂಗ್ಲಿಷುಗಳ ಕಿಚಡಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಿಳ್ಳೆ ಅವನದು. ನನಗೆ ಸಿಳ್ಳೆ ಹಾಕುವುದನ್ನು ಕಲಿಸಿದವನೂ ಅವನೇ. ಮೊದಲ ತಿಂಗಳು ನನ್ನ ಬಾಯಿಂದ ಬರೀ ಉಗುಳು ಬರುತ್ತಿದ್ದಾಗ, “ಅಕ್ಕಾ, ಹಕ್ಕಿಗೆ ಕುಡಿಯೋ ನೀರು ನಾನು ಬೇರೆ ಇಟ್ಟಿದ್ದೀನಿ” ಎಂದು ರೇಗಿಸುತ್ತಿದ್ದ. ಮ್ಯಾನೇಜರ್ ಮಿಸ್ಟರ್ ಲಿಮ್ ಬಗ್ಗೆ ಅವನ ಅಭಿಪ್ರಾಯ ಇಷ್ಟು: “ಬಾಸ್‌ಗೆ ಹಕ್ಕೀಲಿ ಎರಡೇ ಜಾತಿ. ಫೋಟೋದಲ್ಲಿ ಚೆನ್ನಾಗಿ ಬರೋದು, ಬರದೇ ಇರೋದು.”

ಮೂರನೆಯವಳು ಡಾಕ್ಟರ್ ಪ್ರಜ್ಞಾ. ಉಡುಪಿ ಕಡೆಯ ಹುಡುಗಿ, ಪಶುವೈದ್ಯೆ, ಸುಬಾಂಗ್ ಜಯಾದಲ್ಲಿ ಮನೆ. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ, ಆಗಲೇ ಕೊರೊನಾ ಬಂತು.

ಲಾಕ್‌ಡೌನ್ ಘೋಷಣೆಯಾದಾಗ ಬಿದಿರು ಫಿಂಚ್‌ಗಳು ಆರು ಜೋಡಿ ಇದ್ದವು. ಮೂರು ಗೂಡುಗಳಲ್ಲಿ ಮರಿಗಳಿದ್ದವು. ಬೆಳೆದ ಹಕ್ಕಿಗೆ ಭತ್ತ, ನವಣೆ ಸಾಕು. ಮರಿಗೆ ಸಾಲದು. ಅದಕ್ಕೆ ಎಳೆಯ ಹುಲ್ಲಿನ ಕಾಳು ಬೇಕು, ಇರುವೆಯ ಬಿಳಿ ಮೊಟ್ಟೆ ಬೇಕು. ಕರಾವಳಿ, ಮಲೆನಾಡಿನವರು ಚಗಳಿ ಎಂದು ಕರೆದು ಚಟ್ನಿ ಅರೆಯುವ ಕೆಂಪಿರುವೆ ಇಲ್ಲಿಯೂ ಮರದೆಲೆಗಳನ್ನು ಹೊಲಿದು ಗೂಡು ಕಟ್ಟುತ್ತದೆ. ಗುಡ್ಡದ ಮೇಲಿನ ಹಳ್ಳಿಯ ಮೂಲನಿವಾಸಿ ಕುಟುಂಬವೊಂದು ಆ ಮೊಟ್ಟೆಗಳನ್ನೂ ಹುಲ್ಲಿನ ತೆನೆಗಳನ್ನೂ ನಮಗೆ ತಂದುಕೊಡುತ್ತಿತ್ತು. ಲಾಕ್‌ಡೌನ್ ಆದೊಡನೆ ಆ ಹಳ್ಳಿಯವರು ದಾರಿಗೆ ಮರ ಅಡ್ಡ ಹಾಕಿ ಒಳಗೆ ಕೂತರು. ಕಾಯಿಲೆ ಒಳಗೆ ಬರಬಾರದೆಂದು. ಅವರು ಮಾಡಿದ್ದು ಸರಿ.

ಬೇಯಿಸಿದ ಕೋಳಿಮೊಟ್ಟೆಯನ್ನು ಪುಡಿಮಾಡಿ ಇಟ್ಟೆವು. ಮುಟ್ಟಲಿಲ್ಲ. ಕೋಳಿಮರಿಯ ಮೇವನ್ನು ಜರಡಿ ಹಿಡಿದು ಇಟ್ಟೆವು. ಅದನ್ನೂ ಮುಟ್ಟಲಿಲ್ಲ. ಇಂಥ ಹೊತ್ತಿನಲ್ಲಿ ಫಿಂಚ್‌ಗಳು ಏನು ಮಾಡುತ್ತವೆ ಎಂಬುದು ಪುಸ್ತಕದಲ್ಲಿರುತ್ತದೆ. ಕಣ್ಣಾರೆ ನೋಡುವುದು ಬೇರೆ. ತಿನ್ನಿಸಲಾಗದ ಮರಿಯನ್ನು ತಂದೆಯೋ ತಾಯಿಯೋ ಕೊಕ್ಕಿನಲ್ಲಿ ಕಚ್ಚಿ ಎಳೆದು ತಂದು ಗೂಡಿನ ಬಾಯಿಂದ ಕೆಳಗೆ ಎಸೆಯುತ್ತದೆ. ಸೆಲ್ವಂ ಬೆಳಗ್ಗೆ ನೆಲದಿಂದ ಅವನ್ನು ಆರಿಸುತ್ತಿದ್ದ. ಕೆಲವು ಇನ್ನೂ ಬಾಯಿ ತೆರೆಯುತ್ತಿದ್ದವು. ಮರಳಿ ಗೂಡಿನಲ್ಲಿಟ್ಟರೆ ತಂದೆತಾಯಿ ಮತ್ತೆ ಎಸೆಯುತ್ತಿದ್ದವು. ಮೂರು ಗೂಡುಗಳೂ ಖಾಲಿಯಾದವು.

ಆಮೇಲೆ ಸೆಲ್ವಂ ತಾನೇ ಇರುವೆ ಹುಡುಕಲು ನಿಂತ. ಪಾರ್ಕಿಂಗ್ ಜಾಗದ ಮಾವಿನ ಮರಗಳ ಮೇಲೆ ಹತ್ತಿ, ಕಚ್ಚಿಸಿಕೊಂಡು ಕೆಂಪಗಾದ ಕೈಗಳಲ್ಲಿ ಒಂದು ಗೂಡು ಇಳಿಸಿ ತಂದಾಗ ಪ್ರಜ್ಞಾ ನಕ್ಕಳು.

“ಸೆಲ್ವಮಣ್ಣ, ಹಕ್ಕಿಗೆ ಕೊಟ್ಟು ಉಳಿದ್ರೆ ನಂಗೂ ಸ್ವಲ್ಪ ಇಡಿ ಮಾರ್ರೆ. ಚಟ್ನಿ ಮಾಡ್ಲಿಕ್ಕುಂಟು.”

“ತಿನ್ನು ಡಾಕ್ಟರ್, ತಿನ್ನು. ಆಮೇಲೆ ಇರುವೆಗೆ ಹೇಳ್ತೀನಿ, ನಿನ್ನ ಮಕ್ಕಳನ್ನ ತಪಾವ್, ಪಾರ್ಸೆಲ್ ಮಾಡ್ಕೊಂಡು ಹೋದಳು ಅಂತ.”

ಆ ಮರಗಳಲ್ಲಿ ಸಿಕ್ಕಿದ್ದು ಒಂದು ಜೋಡಿಯ ಮರಿಗಳಿಗೆ ಸಾಲುವಷ್ಟು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯ ಪೆಟ್ಟು ಸ್ವಚ್ಛತೆಯ ಹೆಸರಿನಲ್ಲಿ ಬಂತು. ಧಾಮವನ್ನು ಮತ್ತೆ ತೆರೆಯುವ ಸುದ್ದಿ ಇತ್ತು. ಕಚೇರಿಯವರು ಔಷಧಿ ಸಿಂಪಡಿಸುವ ತಂಡವೊಂದನ್ನು ಕರೆಸಿದರು. ಮರಿ ಮಾಡಿಸುವ ವಿಭಾಗಕ್ಕೆ ಯಾರೂ ಕಾಲಿಡಬಾರದು ಎಂದು ನಾನು ಹೇಳಿದ್ದು ಕಚೇರಿಯವರೆಗೆ ಹೋಗಿತ್ತು. ತಂಡದವರೆಗೆ ಹೋಗಿರಲಿಲ್ಲ. ಕೀಲಿ ಕಚೇರಿಯ ಗೋಡೆಯ ಮೇಲೆ ತೂಗುತ್ತಿತ್ತು. ನಾನು ರಸ್ತೆಯ ತಡೆಯಲ್ಲಿ ಪೊಲೀಸರಿಗೆ ಅನುಮತಿ ಪತ್ರ ತೋರಿಸುತ್ತಿದ್ದ ಹೊತ್ತಿನಲ್ಲಿ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟ ಇಬ್ಬರು, ಬೆನ್ನಿಗೆ ಹೊಗೆಯಂತ್ರ ಕಟ್ಟಿಕೊಂಡು, ಸಿಳ್ಳೆಯಿಲ್ಲದೆ ಎರಡೂ ಬಾಗಿಲು ಒಟ್ಟಿಗೆ ತೆರೆದು ಒಳಹೊಕ್ಕರು.

ಆ ಹಕ್ಕಿಗಳು ಹುಟ್ಟಿದಾರಭ್ಯ ಕಂಡದ್ದು ಖಾಕಿ ಅಂಗಿಯನ್ನು ಮಾತ್ರ. ನಮ್ಮಲ್ಲಿ ಒಳಹೋಗುವವರೆಲ್ಲ ಅದೇ ಬಣ್ಣದ ಅಂಗಿ ತೊಡಬೇಕೆಂಬ ನಿಯಮವಿತ್ತು. ನಾನು ತಲುಪಿದಾಗ ಸೆಲ್ವಂ ಅವರನ್ನು ಹೊರಗೆ ದಬ್ಬಿದ್ದ. ನೆಲದ ಮೇಲೆ ಹಸಿರು ಬಿದ್ದಿತ್ತು. ಜಾಲರಿಗೆ ತಲೆ ಬಡಿದುಕೊಂಡ ಫಿಂಚ್ ನೋಡಲು ಗಾಯವಾದಂತೆ ಕಾಣುವುದಿಲ್ಲ, ಕತ್ತು ಮಾತ್ರ ಒಂದು ಕಡೆ ವಾಲಿರುತ್ತದೆ. ತಂಡದ ಹುಡುಗ ಮುಖಗವಸಿನೊಳಗಿಂದ, “ಸಾರಿ ಆಂಟಿ, ಎಲ್ಲಾ ಶೆಡ್ ಮಾಡಿ ಅಂದ್ರು” ಎಂದ. ಅವನಿಗೆ ಬಯ್ದು ಏನು ಬರುತ್ತಿತ್ತು? ಆ ಸಂಜೆಗೆ ನಾಲ್ಕು ಜೋಡಿ ಉಳಿದವು. ಅಂದಿನಿಂದ ಒಂದು ಕೀಲಿ ನನ್ನ ಕೊರಳಿಗೆ, ಇನ್ನೊಂದು ಸೆಲ್ವಂನ ಜೇಬಿಗೆ ಬಂತು.

ವರ್ಷ ತಿರುಗಿತು, ಗುಡ್ಡದ ಹಳ್ಳಿಯ ದಾರಿ ಇನ್ನೂ ಮುಚ್ಚಿತ್ತು. ನಾಲ್ಕೂ ಜೋಡಿಗಳು ಮತ್ತೆ ಗೂಡಿಗೆ ನಾರು ಹೊತ್ತವು, ಮೊಟ್ಟೆಯಿಟ್ಟವು. ನಾನು ಲೆಕ್ಕಾಚಾರವನ್ನು ಮತ್ತೆ ಹೊಂದಿಸಿಕೊಂಡೆ. ಆಗ ಸೆಲ್ವಂಗೆ ಕೊರೊನಾ ಬಂತು. ಆಂಬುಲೆನ್ಸ್ ಬಂದು ಕರೆದೊಯ್ದಿತು. ಅವನಿಲ್ಲದ ದಿನಗಳಲ್ಲಿ ನಾನು ಕ್ವಾರ್ಟರ್ಸಿನಲ್ಲೇ ಉಳಿದು ಎರಡೂ ಹೊತ್ತು ಸಿಳ್ಳೆ ಹಾಕಿ ಒಳಹೋಗುತ್ತಿದ್ದೆ. ಹಕ್ಕಿಗಳು ಕಾವು ಬಿಡಲಿಲ್ಲ. ಅವನು ಮರಳಿದ ಮರುದಿನವೇ ನನ್ನ ಗಂಡನಿಗೆ ಜ್ವರ ಬಂತು. ನಾನು ಅವರ ಜೊತೆ ಮನೆಯೊಳಗೆ ಬಂದಿಯಾದೆ. ಧಾಮದಲ್ಲಿ ಸಿಳ್ಳೆ ಬಲ್ಲವನು ಸೆಲ್ವಂ ಒಬ್ಬನೇ. ಫೋನ್ ಮಾಡಿದಾಗ ಅವನ ದನಿ ಗುರುತೇ ಸಿಗಲಿಲ್ಲ.

“ಅಕ್ಕಾ, ಸಿಳ್ಳೆ ಬರ್ತಿಲ್ಲ.”

“ಬರ್ತಿಲ್ಲ ಅಂದ್ರೆ?”

“ಉಸಿರು ಸಾಲಲ್ಲ. ಬರೀ ಗಾಳಿ ಬರುತ್ತೆ. ಮೂರು ಸಲ ಊದಿದೆ, ಕೆಮ್ಮು ಬಂತು. ಕೆಮ್ಮಿಗೇ ಎಲ್ಲಾ ಎದ್ದು ಹಾರಿದ್ವು.”

ನಾನು ಸಿಳ್ಳೆ ಹಾಕಿ ರೆಕಾರ್ಡ್ ಮಾಡಿ ಅವನ ಫೋನಿಗೆ ಕಳಿಸಿದೆ. ಬಾಗಿಲ ಬಳಿ ಹಿಡಿದು ಒತ್ತಿದ. ಫೋನಿನ ಸಿಳ್ಳೆಗೂ ಬಾಯಿಯ ಸಿಳ್ಳೆಗೂ ಇರುವ ಅಂತರ ನಮ್ಮ ಕಿವಿಗೆ ಗೊತ್ತಾಗದಿರಬಹುದು. ಹಕ್ಕಿಗಳು ಮತ್ತೆ ಎದ್ದವು. ತಗಡು ಬಡಿದ, ಹೆಸರು ಹಿಡಿದು ಕರೆದ. ಅವನು ಕಾಳು ಇಡಲೇಬೇಕು, ನೀರು ಬದಲಿಸಲೇಬೇಕು. ಪ್ರತಿಸಲ ಬಾಗಿಲು ತೆರೆದಾಗಲೂ ಗೂಡುಗಳಿಂದ ಹಕ್ಕಿಗಳು ಹೊರಗೆ ಸಿಡಿಯುತ್ತಿದ್ದವು. ಕೊನೆಗೊಂದು ಬೆಳಗ್ಗೆ ಮೂರು ಹೆಣ್ಣುಗಳು ಒಂದೊಂದಾಗಿ ಗೂಡಿಗೆ ಮರಳುವುದನ್ನು ಬಿಟ್ಟವು. ನಾಲ್ಕನೆಯ ಮುದಿ ಹೆಣ್ಣು ಮಾತ್ರ ಏನಾದರೂ ಕದಲದೆ ಕೂತಿತ್ತು.

ಅಂದು ಮಧ್ಯಾಹ್ನ ನಾವು ಮೂವರು ಮತ್ತು ಲಿಮ್ ವಿಡಿಯೊ ಕರೆಯಲ್ಲಿ ಕೂತೆವು. ಪ್ರಜ್ಞಾ ಧಾಮಕ್ಕೆ ಬಂದಿದ್ದಳು, ಕೈಯಲ್ಲಿ ಟಾರ್ಚ್ ಇತ್ತು.

“ಮೇಡಂ, ಮೊಟ್ಟೆಯೆಲ್ಲ ತಣ್ಣಗಾಗ್ತಾ ಉಂಟು. ಒಳಗೆ ಜೀವ ಇದೆ, ಬೆಳಕು ಹಿಡಿದು ನೋಡಿದೆ. ಪಕ್ಕದ ಶೆಡ್ಡಲ್ಲಿ ಬೆಂಗಾಲೀಸ್ ಕಾವಿಗೆ ಕೂತಿದ್ದಾವೆ. ಈಗ ಇಟ್ರೆ ಉಳೀತಾವೆ.”

ಬೆಂಗಾಲೀಸ್ ಎಂದರೆ ಮನುಷ್ಯರು ತಲೆತಲಾಂತರದಿಂದ ಪಂಜರದಲ್ಲಿ ಸಾಕಿದ, ಕಂದು ಬಿಳಿ ಬಣ್ಣದ ಫಿಂಚ್. ಯಾರ ಮೊಟ್ಟೆ ಇಟ್ಟರೂ ಕಾವು ಕೊಡುತ್ತದೆ, ಕೋಳಿಮೊಟ್ಟೆಯ ಪುಡಿ ತಿನ್ನಿಸಿಯೇ ಮರಿ ಬೆಳೆಸುತ್ತದೆ, ಕೈಹಾಕಿದರೂ ಏಳುವುದಿಲ್ಲ. ಅಂಥ ಸಾಕುತಾಯಿ ಬೇರೆ ಸಿಗದು. ತೊಂದರೆ ಇರುವುದೂ ಅಲ್ಲೇ. ಫಿಂಚ್ ಮರಿ ತನಗೆ ತಿನ್ನಿಸಿದವರನ್ನೇ ತನ್ನ ಕುಲ ಎಂದುಕೊಳ್ಳುತ್ತದೆ. ಅವರ ಹಾಡು ಕಲಿಯುತ್ತದೆ, ದೊಡ್ಡದಾದ ಮೇಲೆ ಅವರಲ್ಲೇ ಜೋಡಿ ಹುಡುಕುತ್ತದೆ. ಇದನ್ನು ಹೇಳಿದೆ.

ಲಿಮ್ ಕ್ಯಾಮೆರಾಕ್ಕೆ ಇನ್ನಷ್ಟು ಹತ್ತಿರ ಬಂದರು. “ಮೊಟ್ಟೆ ಅಂದ್ರೆ ಮೊಟ್ಟೆ, ಮೇಡಂ. ಮೊದಲು ಮರಿ ಬದುಕಲಿ. ಯಾರು ತಿನ್ನಿಸಿದ್ರೇನು?”

“ಬದುಕಿದ ಮೇಲೆ ಅವು ಯಾರ ಹಕ್ಕಿ ಅನ್ನೋದು ಮುಖ್ಯ.”

“ಈಗ ಬದುಕದಿದ್ದರೆ?”

ಇದಕ್ಕೆ ಉತ್ತರ ಇದನ್ನು ಓದುವ ಯಾರ ಬಳಿಯಾದರೂ ಇದ್ದರೆ ಹೇಳಬಹುದು. ನಾನು ಕೇಳಿದ್ದು ಒಂದೇ: ಮುದಿ ಹೆಣ್ಣು ಕೂತ ಗೂಡನ್ನು ಮುಟ್ಟಬಾರದು, ಮಾವಿನ ಮರದ ಇರುವೆ ಮೊಟ್ಟೆಯೆಲ್ಲ ಆ ಗೂಡಿಗೇ ಹೋಗಬೇಕು. ಲಿಮ್ ಒಪ್ಪಿದರು. ಪ್ರಜ್ಞಾ ಕೈ ಬೆಚ್ಚಗೆ ಮಾಡಿಕೊಂಡು ಉಳಿದ ಮೂರು ಗೂಡುಗಳ ಮೊಟ್ಟೆಗಳನ್ನು ಸಾಗಿಸಿದಳು. ಬಹಳ ನಯವಾದ ಕೆಲಸ. ಒಂದೂ ಒಡೆಯಲಿಲ್ಲ.

ನಾನು ಕೆಲಸಕ್ಕೆ ಮರಳುವ ಹೊತ್ತಿಗೆ ಬೆಂಗಾಲೀಸ್‌ಗಳ ಶೆಡ್ಡಿನಲ್ಲಿ ಹತ್ತಕ್ಕೂ ಹೆಚ್ಚು ಹಸಿರು ಮರಿಗಳು ಕೋಲಿನ ಮೇಲೆ ಸಾಲಾಗಿ ಕೂತಿದ್ದವು. ನಮ್ಮಲ್ಲಿ ಒಂದು ಋತುವಿನಲ್ಲಿ ಅಷ್ಟು ಮರಿ ಎಂದೂ ಆಗಿರಲಿಲ್ಲ. ಮುದಿ ಹೆಣ್ಣಿನ ಗೂಡಿನಲ್ಲಿ ಒಂದೇ ಮರಿ, ಹೆಣ್ಣು. ಲಿಮ್ ಸ್ವತಃ ಬಂದು, ಮರಿಯೊಂದನ್ನು ಬೆರಳ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡರು. ಅವರು ಹೋದ ಮೇಲೆ ಸೆಲ್ವಂ ನನ್ನ ಪಕ್ಕ ನಿಂತ. ಮುಖ ಇಳಿದಿತ್ತು, ಕಾಯಿಲೆಯಿಂದ ಅರ್ಧವಾಗಿದ್ದ.

“ಅಕ್ಕಾ, ಇವಕ್ಕೆ ಸಿಳ್ಳೆ ಬೇಕಾಗಿಲ್ಲ.”

“ಗೊತ್ತು.”

“ನಾನು ಕೆಮ್ಮಿದ್ರೂ ಹತ್ರ ಬರ್ತವೆ. ನಾನು ಇಷ್ಟು ವರ್ಷದಲ್ಲಿ ಇಂಥ ಒಳ್ಳೆ ಮಕ್ಕಳನ್ನ ಕಂಡಿಲ್ಲ. ನಂಗೆ ಭಯ ಆಗ್ತಿದೆ.”

ತಾವೇ ಕಾಳು ಬಿಡಿಸಿ ತಿನ್ನಲು ಕಲಿತೊಡನೆ ಇಂಥ ಮರಿಗಳನ್ನು ಸಾಕುತಾಯಿಯಿಂದ ಬೇರೆ ಮಾಡಿ ಸ್ವಂತ ಕುಲದ ಜೊತೆ ಬಿಡಬೇಕು. ಬೇಗ ಬಿಟ್ಟಷ್ಟೂ ತಪ್ಪು ಕಲಿತದ್ದು ಅಳಿಸುವ ಆಸೆ ಇರುತ್ತದೆ. ಆದರೆ ಒಂದು ಶೆಡ್ಡಿನ ಹಕ್ಕಿಯನ್ನು ಹಿಕ್ಕೆಯ ಪರೀಕ್ಷೆಯಿಲ್ಲದೆ ಇನ್ನೊಂದು ಶೆಡ್ಡಿಗೆ ಸೇರಿಸುವಂತಿಲ್ಲ. ಬೆಂಗಾಲೀಸ್ ತಾನು ಕಾಯಿಲೆ ಬೀಳದೆ ಕರುಳಿನ ರೋಗವನ್ನು ಹೊತ್ತಿರುತ್ತದೆ. ಅದು ತಗುಲಿದರೆ ಬಿದಿರು ಫಿಂಚ್ ಎರಡು ದಿನ ಗರಿ ಉಬ್ಬಿಸಿ ಕೂತು ಮೂರನೆಯ ದಿನ ಸಾಯುತ್ತದೆ. ಪ್ರಜ್ಞಾ ಪರೀಕ್ಷೆ ಆಗಲೇಬೇಕೆಂದಳು. ನಾನೂ ಅದನ್ನೇ ಹೇಳಿದೆ. ಹಾಗೆ ಕಲಿತವಳು ನಾನು, ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಮಾದರಿಗಳನ್ನು ಕಳಿಸಿದೆವು. ಆ ತಿಂಗಳುಗಳಲ್ಲಿ ಪ್ರಯೋಗಾಲಯಗಳ ಮುಂದೆ ಮನುಷ್ಯರ ಮೂಗಿನ ಮಾದರಿಗಳೇ ಗುಡ್ಡೆ ಬಿದ್ದಿದ್ದವು. ಹಕ್ಕಿಯ ಹಿಕ್ಕೆಯನ್ನು ಯಾರು ನೋಡುತ್ತಾರೆ? ಪ್ರಜ್ಞಾ ದಿನವೂ ಫೋನ್ ಮಾಡಿದಳು. ಫಲಿತಾಂಶ ಬರುವ ಹೊತ್ತಿಗೆ ಮರಿಗಳ ಬಣ್ಣ ಬಲಿತು, ಗಂಡುಗಳ ಮುಖ ನೀಲಿಯಾಗಿ, ಗಂಟಲಿನಿಂದ ಹಾಡು ಹೊರಟಿತ್ತು. ಶೆಡ್ಡಿನ ಹೊರಗೆ ನಿಂತು ಕೇಳಿದೆ. ಬೆಂಗಾಲೀಸ್‌ನ ಹಾಡು. ಒಂದು ಸ್ವರವೂ ತಪ್ಪದೆ.

ಕಡೆಗೆ ಒಂದೇ ಹಕ್ಕಿಮನೆಗೆ ಸೇರಿಸಿದೆವು. ಅಷ್ಟರಲ್ಲಿ ಹಳೆಯ ಹಕ್ಕಿಗಳು ಕಡಿಮೆಯಾಗಿದ್ದವು. ಮುದಿ ಹೆಣ್ಣು ಗೂಡಿನಲ್ಲೇ ಸತ್ತಿತ್ತು. ಉಳಿದವಕ್ಕೂ ಮತ್ತೆ ಗೂಡು ಕಟ್ಟುವ ವಯಸ್ಸು ದಾಟಿತ್ತು. ಅವುಗಳ ನಡುವೆ ಬೆಳೆದು ನಿಂತವಳು ಮುದಿ ಹೆಣ್ಣಿನ ಆ ಒಬ್ಬಳೇ ಮಗಳು. ಹೊಸ ಗಂಡುಗಳು ಅವಳನ್ನು ಕಣ್ಣೆತ್ತಿ ನೋಡಲಿಲ್ಲ. ಅವು ಜಾಲರಿಗೆ ಅಂಟಿ ಕೂತವು. ಅಂಗಳದಾಚೆ ಬೆಂಗಾಲೀಸ್‌ಗಳ ಶೆಡ್ಡು ಕಾಣುತ್ತಿತ್ತು. ಆ ಕಡೆ ಮುಖಮಾಡಿ ಕತ್ತು ಮೇಲೆ ಕೆಳಗೆ ಆಡಿಸಿ, ಕೆಂಪು ಬಾಲವನ್ನು ಓರೆಮಾಡಿ, ದಿನವಿಡೀ ಕುಣಿದವು. ಜೊತೆಗೆ ಬೆಳೆದ ಹೆಣ್ಣುಗಳೂ ಅದೇ ಜಾಲರಿಗೆ ಬಂದು ಕೂತವು.

ಬೆಂಗಾಲೀಸ್‌ಗಳನ್ನು ಕಣ್ಣಿಗೆ ಕಾಣದ, ಕಿವಿಗೆ ಕೇಳದ ದೂರಕ್ಕೆ ಸಾಗಿಸಿದೆವು. ಗಂಡುಗಳು ಹಾಡುವುದನ್ನು ನಿಲ್ಲಿಸಿದವು. ಅಷ್ಟೇ ಆಯಿತು. ಕಾದೆವು. ಬಿದಿರಕ್ಕಿ ತರಿಸಿ ಹಾಕಿದೆವು, ಹಸಿ ತೆನೆ ಕಟ್ಟಿದೆವು. ಮುದಿ ಹೆಣ್ಣಿನ ಮಗಳು, ಯಾವ ಗಂಡೂ ಬಾರದಿದ್ದರೂ, ಗೂಡು ಕಟ್ಟಿದಳು, ಮೊಟ್ಟೆಯಿಟ್ಟಳು. ಪ್ರಜ್ಞಾ ಟಾರ್ಚ್ ಹಿಡಿದು ಒಂದೊಂದನ್ನೇ ನೋಡಿದಳು.

“ಎಂತದೂ ಇಲ್ಲ ಮೇಡಂ. ಎಲ್ಲಾ ಖಾಲಿ.”

“ಇರಲಿ ಬಿಡು.”

“ಅವತ್ತು ನಾನು ಸಾಗಿಸದೆ ಇದ್ದಿದ್ರೆ?”

“ಇವು ಮೊಟ್ಟೆಯಲ್ಲೇ ಸತ್ತಿರ್ತಿದ್ವು.”

“ಬದುಕಿ ಈಗ ಎಂತ ಆಯ್ತು?”

ಅವಳ ಹೆಗಲ ಮೇಲೆ ಕೈಯಿಟ್ಟೆ. ಅವಳು ಈಗಲೂ ಅಲ್ಲೇ ಇದ್ದಾಳೆ, ಒಳ್ಳೆಯ ವೈದ್ಯೆ. ಪರೀಕ್ಷಾಲಯವನ್ನು ಧಾಮದೊಳಗೇ ಮಾಡಿಸಿದ್ದಾಳೆ. ಇರುವೆ ಸಾಕಲು ಮಾವಿನ ತೋಪು ಬೆಳೆಸುತ್ತಿದ್ದಾಳೆ. ಬಾಗಿಲು ತೆರೆಯದೆಯೇ ಹೊರಗಿನಿಂದ ಕಾಳು, ನೀರು ತಳ್ಳುವ ಕಿಂಡಿಗಳನ್ನು ಇಡಿಸಿದ್ದಾಳೆ. ಹೊಸಬರು ಇವನ್ನೆಲ್ಲ ಮೊದಲಿನಿಂದ ಇದ್ದ ಏರ್ಪಾಡು ಎಂದುಕೊಳ್ಳಬಾರದು. ಪ್ರತಿಯೊಂದರ ಹಿಂದೆಯೂ ಸತ್ತ ಹಕ್ಕಿಗಳಿವೆ.

ನನ್ನ ಕೆಲಸದ ಕೊನೆಯ ದಿನ ಬೆಳಗ್ಗೆ ಎಂದಿನಂತೆ ಖಾಕಿ ಅಂಗಿ ತೊಟ್ಟೆ, ಕಾಲು ಅದ್ದಿದೆ. ಬಾಗಿಲ ಮುಂದೆ ಸೆಲ್ವಂ ಕಾಳಿನ ಬಟ್ಟಲು ಹಿಡಿದು ನಿಂತಿದ್ದ.

“ಹಾಕು,” ಎಂದೆ.

“ನೀವೇ ಹಾಕಿ ಅಕ್ಕಾ. ನಂದು ಇನ್ನೂ ಅರ್ಧ ಗಾಳಿ.”

“ಅರ್ಧವೇ ಸಾಕು, ಹಾಕು.”

ಅವನು ತುಟಿ ಒದ್ದೆ ಮಾಡಿಕೊಂಡು ಊದಿದ. ತೆಳುವಾಗಿ, ನಡುಗುತ್ತ, ಆದರೂ ಅದೇ ಸಿಳ್ಳೆ. ನಿಂತೆವು. ಆಮೇಲೆ ಮೊದಲ ಬಾಗಿಲು, ಅದನ್ನು ಮುಚ್ಚಿ ಎರಡನೆಯದು.

ನೀಲಿ ಮುಖದ ಗಂಡುಗಳು, ಅವುಗಳ ಅಕ್ಕತಂಗಿಯರು ಎದುರಿಗೇ ಹಾರಿ ಬಂದು ಬಟ್ಟಲಿನ ಅಂಚಿನ ಮೇಲೆ, ನನ್ನ ಮುಂಗೈ ಮೇಲೆ, ಸೆಲ್ವಂನ ಟೋಪಿಯ ಮೇಲೆ ಕೂತವು. ಮುದಿ ಹೆಣ್ಣಿನ ಮಗಳು ಮಾತ್ರ ಸಿಳ್ಳೆ ಕೇಳಿದೊಡನೆ ಆಚೆ ಮೂಲೆಗೆ ಹಾರಿ, ಬಿದಿರೆಲೆಗಳ ಹಿಂದೆ ಎತ್ತರದ ಕೋಲಿನ ಮೇಲೆ ಕತ್ತು ಚಾಚಿ ನಮ್ಮನ್ನೇ ನೋಡುತ್ತ ಕೂತಿದ್ದಳು.

ನಾವು ಅಲ್ಲಿರುವವರೆಗೆ ಅವಳು ಕೆಳಗೆ ಇಳಿಯುವುದಿಲ್ಲ. ಕೈಮೇಲಿದ್ದ ಹಕ್ಕಿಗಳನ್ನು ಕೊಡವಿ, ಬಟ್ಟಲನ್ನು ನೆಲಕ್ಕಿಟ್ಟು, ಬೇಗ ಹೊರಗೆ ಬಂದೆವು.